ಸಹಮಿನ ಹರಿವಾಣ

ಮೊನ್ನೆ ತಂಗಿಯ ಮಗಳು ಮಸ್ಕತ್ತಿನಿಂದ ಬಂದವಳು ಸೂಟ್‌ಕೇಸು ಬಿಚ್ಚಿ, ಸಾಬೂನು ಬಾದಾಮಿಗಳ ನಡುವಿನಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ಎಳೆದು, "ಇದು ನಿಮಗೆ ದೊಡ್ಡಮ್ಮ, ಬೇಡದಿದ್ರೆ ಬಿಸಾಡಿ" ಅಂದಳು. ಒಳಗೆ ಒಣಗಿ ಕಪ್ಪಗೆ ಮುರುಟಿಹೋದ ಲಿಂಬೆಹಣ್ಣುಗಳು. ಅವುಗಳ ರೂಪ ನೋಡಿದವರು ಬಿಸಾಡುವುದೇ ಸರಿ. ಒಮಾನಿನ ಕಡೆ ಮೀನಿನ ಸಾರಿಗೆ ಹಾಕುತ್ತಾರೆ. ಒಂದನ್ನು ಒಡೆದು ಮೂಗಿಗೆ ಹಿಡಿದೆ. ಹುಳಿ, ಚೂರು ಹೊಗೆ, ಹಳೆಯ ಮರದ ಪೆಟ್ಟಿಗೆ ತೆರೆದಾಗ ಬರುವ ಒಂದು ಗಾಳಿ. ನಿಮಗೆ ಹೇಗೋ ಗೊತ್ತಿಲ್ಲ, ನನ್ನಲ್ಲಿ ಮೂಗಿನ ದಾರಿಯಲ್ಲಿ ಬರುವ ನೆನಪುಗಳಿಗೆ ಶಿಷ್ಟಾಚಾರವೇ ಇಲ್ಲ. ಹೇಳದೆ ಕೇಳದೆ ಬಂದು ನಡುಮನೆಯಲ್ಲಿ ಕೂತುಬಿಡುತ್ತವೆ. ಹಾಗೆ ಬಂದು ಕೂತವರು ಉಮ್ಮ್ ಸಾಲಿಮ್.

ಅವರ ಸುದ್ದಿಗೆ ಮೊದಲು, ನಾನು ಸಹಮ್ ಎಂಬ ಕಡಲತಡಿಯ ಊರಿಗೆ ಒಬ್ಬಳೇ ಯಾಕೆ ಹೋದೆ ಎಂದು ಹೇಳಿಬಿಡುತ್ತೇನೆ. ಎಂಬತ್ತರ ದಶಕದ ಕೊನೆ. ನನಗೆ ಇಪ್ಪತ್ತೊಂಬತ್ತು. ಮಸ್ಕತ್ತಿನ ರೂವಿಯಲ್ಲಿ, ತೋಟಗಳಿಗೆ ನೀರೆತ್ತುವ ಪಂಪು ಮಾರುವ ಒಂದು ಕಂಪೆನಿಯಲ್ಲಿ ಟೈಪಿಸ್ಟು. ಟೈಪಿಸ್ಟು ಹೆಸರಿಗೆ ಮಾತ್ರ. ಟೆಲೆಕ್ಸು ಕಳಿಸುವುದು, ಪಂಪು ಕೆಟ್ಟ ಗಿರಾಕಿಗಳ ಬೈಗುಳ ಕೇಳುವುದು, ಮ್ಯಾನೇಜರ್ ರಾಯರ ಕನ್ನಡಕ ಹುಡುಕಿಕೊಡುವುದು ಎಲ್ಲವೂ ನನ್ನ ಪಾಲಿಗೆ. ವಾಸ, ಐದು ಹೆಂಗಸರು ಸೇರಿ ಹಿಡಿದ ಎರಡು ಕೋಣೆಯ ಫ್ಲಾಟಿನಲ್ಲಿ. ಫ್ರಿಜ್ಜಿನ ಬಾಗಿಲಿಗೆ ಟೈಂಟೇಬಲ್ಲು ಅಂಟಿಸಿತ್ತು: ಒಲೆ ಯಾರಿಗೆ ಯಾವಾಗ, ಬಚ್ಚಲು ಯಾರಿಗೆ ಯಾವಾಗ. ಮನಸ್ಸಿಗೆ ಬೇಸರವಾಗಿ ನಾಲ್ಕು ಹನಿ ಕಣ್ಣೀರು ಹಾಕಬೇಕೆಂದರೂ ಬಚ್ಚಲಿನ ಸರದಿ ಬರುವ ತನಕ ತಡೆದುಕೊಳ್ಳಬೇಕು. ಅಷ್ಟು ಹೊತ್ತಿಗೆ ಬೇಸರವೇ ಬೇಸತ್ತು ಹೋಗಿರುತ್ತಿತ್ತು.

ದೂರುತ್ತಿದ್ದೇನೆ ಎಂದುಕೊಳ್ಳಬೇಡಿ. ನನಗೆ ಬೇರೆ ಬದುಕೇ ಗೊತ್ತಿರಲಿಲ್ಲ. ಹುಟ್ಟಿದ್ದು ಕುಂದಾಪುರದ ಹತ್ತಿರ ಹದಿನೇಳು ಜನರ ಮನೆಯಲ್ಲಿ, ಮಲಗಿದ್ದು ಮೂವರ ಚಾಪೆಯಲ್ಲಿ ನಡುವಿನವಳಾಗಿ. ಅಲ್ಲಿಂದ ಹಾಸ್ಟೆಲು, ಹಾಸ್ಟೆಲಿನಿಂದ ರೂವಿ. ಒಂದು ಕೋಣೆಯಲ್ಲಿ ನಾನೊಬ್ಬಳೇ ಮಲಗಿದ ರಾತ್ರಿ ಇಡೀ ಜನ್ಮದಲ್ಲಿ ಒಂದೂ ಇರಲಿಲ್ಲ. ಟೈಫಾಯಿಡಾಗಿ ಆಸ್ಪತ್ರೆಯಲ್ಲಿದ್ದಾಗಲೂ ಪಕ್ಕದ ಮಂಚದಲ್ಲಿ ಒಬ್ಬರು ನನಗೆ ಜೊತೆಯಾಗಿ ಕೆಮ್ಮುತ್ತಿದ್ದರು.

ಇಂಥವಳನ್ನು ರಾಯರು ಒಂದು ದಿನ ಕರೆದು, "ನೋಡಮ್ಮಾ, ಸೊಹಾರಿನಲ್ಲಿ ಹೊಸ ಶಾಖೆ ತೆಗೀತಾ ಇದೀವಿ. ಅದನ್ನ ನೋಡ್ಕೊಳ್ಳೋದಕ್ಕೆ ನೀನೇ ಸರಿ ಅಂತ ನನ್ನ ಅಭಿಪ್ರಾಯ. ಅಂಗಡಿ ಮೇಲೇ ಮನೆ. ಆದರೆ ಒಬ್ಬಳೇ ಇರಬೇಕಾಗತ್ತೆ. ಆಗತ್ತಾ?" ಎಂದು ಕೇಳಿದರು. ರಾಯರು ಮೈಸೂರಿನವರು, ಬಡ್ತಿ ಕೊಡುವಾಗಲೂ ಸಂತಾಪ ಸೂಚಿಸುವ ಧ್ವನಿ. ಅವರೇ, "ರಜೆ ಮುಗಿಸಿಕೊಂಡು ಬಂದು ಹೇಳು. ಆಗಲ್ಲ ಅಂದ್ರೆ ಗೋವಾದ ಹುಡುಗ ಒಬ್ಬ ಕಾಯ್ತಾ ಇದಾನೆ" ಎಂದರು.

ಹದಿನೈದು ದಿನಗಳ ರಜೆಯಿತ್ತು. ಫ್ಲಾಟಿನಲ್ಲಿ ವಿಷಯ ಹೇಳಿದೆ. ನಮ್ಮಲ್ಲಿ ಹಿರಿಯವರು ಫ್ಲೋರಿನ್ ಬಾಯಿ, ಕಲ್ಯಾಣಪುರದವರು, ನರ್ಸು. ರೊಟ್ಟಿಗೆ ಬೆಣ್ಣೆ ಸವರುತ್ತಿದ್ದವರು ಚೂರಿ ಕೆಳಗಿಟ್ಟರು.

"ಸೈಬಾ! ನೀನು ಒಬ್ಬಳೇ? ಕರೆಂಟು ಹೋದರೆ ಬಚ್ಚಲಿಗೆ ಹೋಗ್ಲಿಕ್ಕೆ ನನ್ನ ಕೈ ಹಿಡೀತಿ ನೀನು!"

"ಅದು ಜಾರ್ತದೆ ಅಂತ."

"ಯಾವ್ದು, ಕತ್ತಲೆಯಾ?"

ನಾಲ್ವರೂ ನಕ್ಕರು. ಆ ನಗುವೇ ನನ್ನನ್ನು ಸಹಮಿಗೆ ಕಳಿಸಿದ್ದು. ಸೊಹಾರು ಆಮೇಲೆ ನೋಡೋಣ, ಮೊದಲು ಹದಿನೈದು ದಿನ ಎಲ್ಲಾದರೂ ಒಂದು ಮನೆ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದು ನೋಡುತ್ತೇನೆ. ಇರಲಾದರೆ ಹೂಂ, ಆಗದಿದ್ದರೆ ಗೋವಾದ ಹುಡುಗನಿಗೆ ಶುಭಾಶಯ, ಎಂದು ತೀರ್ಮಾನಿಸಿದೆ. ನಮ್ಮ ಆಫೀಸಿನ ಪಿಕಪ್ ಓಡಿಸುತ್ತಿದ್ದ ಸಾಲಿಮ್ ಸಹಮಿನವನು. ಅವನ ತಮ್ಮ ದುಬೈಯಲ್ಲಿ ಪೊಲೀಸು, ಅವನಿಗೆಂದು ಕಟ್ಟಿಸಿದ ಎರಡು ಕೋಣೆ ತಾಯಿಯ ಮನೆಯ ಪಕ್ಕದಲ್ಲಿ, ಕಡಲ ಕಡೆ ಬಾಗಿಲಾಗಿ ಖಾಲಿ ಬಿದ್ದಿತ್ತು. ಬಾಡಿಗೆ ಮುಂಚೆಯೇ ಕೊಟ್ಟು, ಒಂದು ಗಂಜಿಪಾತ್ರೆ, ಒಂದು ತಟ್ಟೆ, ಒಂದು ಲೋಟ, ಒಂದು ಚಮಚ ಮತ್ತು ಆರು ಕನ್ನಡ ವಾರಪತ್ರಿಕೆಗಳನ್ನು ಚೀಲಕ್ಕೆ ತುಂಬಿ ಕೆಂಪು ಬಸ್ಸು ಹತ್ತಿದೆ. ಸಂಕಲ್ಪ ಸ್ಪಷ್ಟವಿತ್ತು: ಬ್ರೆಡ್ಡು, ಮೊಟ್ಟೆ, ಚಹಾ. ಅಡುಗೆ ಎಂಬುದಿಲ್ಲ. ಕಡಲು ನೋಡುವುದು, ಓದುವುದು, ಯಾರೊಡನೆಯೂ ಮಾತಾಡದಿರುವುದು.

ಸಾಲಿಮ್ ಬಸ್ಸಿನಿಂದ ಇಳಿಸಿಕೊಂಡು ತಾಯಿಯ ಎದುರು ನಿಲ್ಲಿಸಿದ. ಉಮ್ಮ್ ಸಾಲಿಮ್ ಅಂದರೆ ಸಾಲಿಮನ ಅಮ್ಮ. ಅಲ್ಲಿ ಹೆಂಗಸರನ್ನು ಮಗನ ಹೆಸರಿನಿಂದಲೇ ಕರೆಯುವುದು ಮರ್ಯಾದೆ. ಗಟ್ಟಿಮುಟ್ಟಾದ ದೇಹ, ಕಿತ್ತಳೆ ಹಸಿರು ಹೂಗಳ ದುಪಟ್ಟಿ, ಬೆರಳ ತುದಿಗಳು ಮದರಂಗಿಯಿಂದ ಕಪ್ಪಗೆ. ಹುಡುಗಿಯಾಗಿದ್ದಾಗ ತಂದೆಯ ಹಡಗಿನ ದೆಸೆಯಿಂದ ನಾಲ್ಕು ವರ್ಷ ಬೊಂಬಾಯಿಯಲ್ಲಿದ್ದರಂತೆ. ಆ ಹಿಂದಿಯನ್ನು ಅರಬ್ಬಿಯ ಜೊತೆ ಬೆರೆಸಿ ಮಾತಾಡುತ್ತಿದ್ದರು. ನನ್ನ ಹಿಂದಿಯೂ ಅಷ್ಟರದ್ದೇ ಆದ್ದರಿಂದ ನಮ್ಮಿಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು.

"ಜೊತೆಗೆ ಯಾರು?" ಎಂದು ಕೇಳಿದರು.

"ಯಾರೂ ಇಲ್ಲ."

"ಗಂಡ?"

"ಇಲ್ಲ."

"ಅಮ್ಮ? ಅಕ್ಕ?" ಎನ್ನುತ್ತಾ ನನ್ನ ಹೆಗಲ ಮೇಲಿಂದ ಬಸ್ಸು ಹೋದ ದಿಕ್ಕನ್ನು ನೋಡಿದರು, ಯಾರಾದರೂ ಇಳಿಯಲು ಮರೆತು ಮುಂದೆ ಹೋಗಿರಬಹುದು ಎಂಬಂತೆ. ಆಮೇಲೆ ನಾಲಿಗೆಯಲ್ಲಿ ಲೊಚಗುಟ್ಟಿ ಬೀಗದಕೈ ಕೊಟ್ಟರು.

ಆ ಬೀಗದಕೈ! ಬಾಗಿಲು ತೆರೆದು ಒಳಗೆ ಹೋದೆ, ಹಾಕಿದೆ, ಮತ್ತೆ ತೆರೆದೆ, ಮತ್ತೆ ಹಾಕಿದೆ. ಮೂರು ಸಲ. ಬಚ್ಚಲಿಗೆ ಹೋಗಿ ಸುಮ್ಮನೆ ಕಾಲುಗಂಟೆ ನಿಂತೆ, ಯಾರೂ ಬಾಗಿಲು ಬಡಿಯಲಿಲ್ಲ. ಕಿಟಕಿಯಾಚೆ ಮರಳು, ಮಗುಚಿ ಹಾಕಿದ ದೋಣಿಗಳು, ಒಣಹಾಕಿದ ಬೂತಾಯಿ ಮೀನಿನ ವಾಸನೆ, ಅದರಾಚೆ ಕಡಲು. ನಮ್ಮೂರಿನದೇ ಕಡಲು, ಆಚೆ ದಡದಿಂದ ನೋಡಿದಂತೆ. ಚಾಪೆಯ ಮೇಲೆ ಕೈಕಾಲು ಚಾಚಿ, ನಾಲ್ಕೂ ದಿಕ್ಕಿಗೆ ಚಾಚಿ ನೋಡಿ, ಯಾರ ಮೈಯೂ ತಾಗದೆ, "ಗೆದ್ದೆ" ಅಂದುಕೊಂಡೆ.

ಅರ್ಧ ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ಉಮ್ಮ್ ಸಾಲಿಮ್, ಕೈಯಲ್ಲಿ ನೀಲಿ ಅಂಚಿನ ಬಟ್ಟಲು, ಅದರಲ್ಲಿ ಅನ್ನ, ಮೇಲೆ ಆ ಕಪ್ಪು ಲಿಂಬೆ ಹಾಕಿ ಬೇಯಿಸಿದ ಮೀನು. ಕೊಟ್ಟು ಹೊರಟುಹೋದರು. ತಿಂದೆ. ಏನು ರುಚಿ ಎನ್ನುತ್ತೀರಿ, ಬಟ್ಟಲನ್ನು ನೆಕ್ಕುವುದೊಂದು ಬಾಕಿ. ತೊಳೆದು ಕವುಚಿಟ್ಟೆ. ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು.

ಯಾಕೆಂದರೆ ನನ್ನನ್ನು ಬೆಳೆಸಿದ್ದು ಅಜ್ಜಿ. ಮಾತು ಕಲಿಸಿದ್ದೂ ಅವಳೇ, ಮಾತಿನ ಜೊತೆ ಹತ್ತಾರು ಕಟ್ಟುಪಾಡುಗಳನ್ನು ಗಂಟು ಹಾಕಿ ಕೊಟ್ಟದ್ದೂ ಅವಳೇ. ಅವುಗಳಲ್ಲಿ ಒಂದು: "ಬ್ಯಾರೆಯವ್ರ್ ಪಾತ್ರಿ ನಮ್ ಮನ್ಯಗ್ ರಾತ್ರಿ ಇಪ್ಕಾಗ ಮಗಾ. ಖಾಲಿ ಕೊಡುಕೂ ಆಗ." ಬೇರೆಯವರ ಪಾತ್ರೆ ನಮ್ಮ ಮನೆಯಲ್ಲಿ ರಾತ್ರಿ ಕಳೆಯಬಾರದು, ಬರಿದಾಗಿ ಹಿಂದಿರುಗಲೂಬಾರದು. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯಾದರೂ ಹಾಕಿ ಕೊಡಬೇಕು. ಯಾಕೆ ಎಂದು ಕೇಳಿದರೆ ಅಜ್ಜಿ ಕಾರಣ ಹೇಳುತ್ತಿರಲಿಲ್ಲ, ತಲೆಗೆ ಮೊಟಕುತ್ತಿದ್ದಳು. ಆ ಮೊಟಕಿನಿಂದ ಒಳಗೆ ಹೋದ ವಿದ್ಯೆ ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಗಟ್ಟಿ.

ಸೂರ್ಯ ಮುಳುಗುತ್ತಿದ್ದ. ಮನೆಯಲ್ಲಿದ್ದದ್ದು ಬ್ರೆಡ್ಡು, ಮೊಟ್ಟೆ. ಎರಡು ಮೊಟ್ಟೆ ಬೇಯಿಸಿ ಸಿಪ್ಪೆ ಸುಲಿದು, ಬ್ರೆಡ್ಡನ್ನು ತ್ರಿಕೋನವಾಗಿ ಕತ್ತರಿಸಿ ಸುತ್ತ ನಿಲ್ಲಿಸಿ, ಬಟ್ಟಲನ್ನು ಹಿಡಿದುಕೊಂಡು ಹೋಗಿ ಅವರ ಹೊಸ್ತಿಲಲ್ಲಿ ಕೊಟ್ಟು ಓಡಿಬಂದೆ. ಉಮ್ಮ್ ಸಾಲಿಮ್ ಮೊಟ್ಟೆಗಳನ್ನು ನೋಡಿದರು, ನನ್ನನ್ನು ನೋಡಿದರು. "ಕೂತ್ಕೋ" ಎಂದರೇನೋ. ನಾನು ಆಗಲೇ ಅಂಗಳ ದಾಟಿದ್ದೆ. ಒಬ್ಬಳೇ ಇರಲು ಬಂದವಳಲ್ಲವೇ?

ಮರುದಿನ ಬೆಳಿಗ್ಗೆ ಬಟ್ಟಲಿನ ಬದಲು ತಟ್ಟೆ ಬಂತು: ತೆಳ್ಳಗಿನ ರೊಟ್ಟಿ, ಜೇನು, ಖರ್ಜೂರ. ತಟ್ಟೆ ಬಟ್ಟಲಿಗಿಂತ ಅಗಲ. ಮೊಟ್ಟೆಯಿಂದ ಮುಚ್ಚಲಾಗದಷ್ಟು ಅಗಲ. ರವೆ ತಂದು ಉಪ್ಪಿಟ್ಟು ಮಾಡಬೇಕಾಯಿತು. ರಸ್ತೆಯ ಬದಿಗೆ ಒಂದು ಅಂಗಡಿಯಿತ್ತು, ಉಪ್ಪಳದ ಹಂಸನದ್ದು. ಕನ್ನಡ ಕೇಳಿ ಅವನಿಗೆ ಖುಷಿಯೋ ಖುಷಿ.

"ಅಕ್ಕ ಒಬ್ರೇ ಬಂದದ್ದಂತೆ ಅಲ್ವಾ? ಒಂದು ಕಿಲೋ ರವೆ ಎಂತಕ್ಕೆ?"

"ಉಪ್ಪಿಟ್ಟಿಗೆ."

"ಹದಿನೈದು ದಿನಕ್ಕಾ?"

"ಇವತ್ತಿಗೆ."

ಉಪ್ಪಿಟ್ಟು ಹೋದ ಮಧ್ಯಾಹ್ನ ಕೋಳಿ ಬಂತು. ಕೋಳಿಗೆ ಪ್ರತಿಯಾಗಿ ಗೋಳಿಬಜೆ. ಗೋಳಿಬಜೆಯನ್ನು ಅವರ ಮನೆಗೆ ಬಂದಿದ್ದ ನಾದಿನಿಯೂ ನೆರೆಯವರೂ ತಿಂದರಂತೆ; ಸಂಜೆಗೆ ಬಂದ ತಟ್ಟೆ ಮೊದಲಿನದಕ್ಕಿಂತ ದೊಡ್ಡದು, ಅದರಲ್ಲಿ ಹಲ್ವಾ. ಹೀಗೆ ಬಟ್ಟಲು ತಟ್ಟೆಯಾಗಿ, ತಟ್ಟೆ ಪರಾತವಾಗಿ, ಐದನೆಯ ದಿನಕ್ಕೆ ಮದುವೆಮನೆಯಲ್ಲಿ ಎಂಟು ಜನ ಸುತ್ತ ಕೂತು ಉಣ್ಣುವ ಹರಿವಾಣ ಬಂತು. ಅದನ್ನು ಉಮ್ಮ್ ಸಾಲಿಮ್ ಮತ್ತು ನಾದಿನಿ ಎರಡು ಕಡೆ ಹಿಡಿದು, ಅಡ್ಡಡ್ಡ ನಡೆದು, ನನ್ನ ಬಾಗಿಲಲ್ಲಿ ಓರೆ ಮಾಡಿ ಒಳಗೆ ತುರುಕಿದರು. ಹರಿವಾಣದ ನಡುವೆ ಅನ್ನದ ಗುಡ್ಡ, ಗುಡ್ಡದ ಮೇಲೆ ಆಡಿನ ತೊಡೆ. ನಾನು, ನನ್ನ ಒಂದು ತಟ್ಟೆ, ಒಂದು ಲೋಟ, ಒಂದು ಚಮಚ ಗೋಡೆಗೆ ಒತ್ತಿ ನಿಂತೆವು.

ಆ ಹರಿವಾಣವನ್ನು ತುಂಬಿಸುವುದು ಹೇಗೆ? ನನ್ನ ಗಂಜಿಪಾತ್ರೆಯಲ್ಲಿ ಹದಿನಾಲ್ಕು ಸಲ ಬೇಯಿಸಿದರೂ ನಡುವೆ ಒಂದು ಬೊಟ್ಟಿನಂತೆ ಕಾಣುತ್ತಿತ್ತು. ದೊಡ್ಡ ಪಾತ್ರೆ ಬೇಕು. ದೊಡ್ಡ ಪಾತ್ರೆ ಯಾರ ಹತ್ತಿರ ಉಂಟು? ಉಮ್ಮ್ ಸಾಲಿಮರ ಹತ್ತಿರ. ಹೋಗಿ ಕೇಳಿ ತಂದೆ. ತಂದು ಒಲೆಯ ಮೇಲಿಟ್ಟ ಮೇಲೆ ಹೊಳೆಯಿತು: ಈ ಪಾತ್ರೆಯೂ ಅವರದೇ. ಇದೂ ಕತ್ತಲಾಗುವುದರೊಳಗೆ ಹೋಗಬೇಕು, ಬರಿದಾಗಿ ಹೋಗುವಂತಿಲ್ಲ. ಹರಿವಾಣ ತುಂಬಿಸಲು ತಂದ ಪಾತ್ರೆಯನ್ನು ತುಂಬಿಸಲು ಇನ್ನೊಂದು ಪಾತ್ರೆ. ನಗುತ್ತಿದ್ದೀರಾ? ನಗಿ. ನಾನು ಆ ಹೊತ್ತು ಅಡುಗೆಮನೆಯ ನೆಲದ ಮೇಲೆ ಕೂತು, ಅಜ್ಜಿ ಬದುಕಿದ್ದರೆ ಕೇಳಬಹುದಿತ್ತು ಎಂದು ಮರುಗುತ್ತಿದ್ದೆ. ಕೊನೆಗೆ ಹರಿವಾಣದಲ್ಲಿ ಚಿತ್ರಾನ್ನ, ಪಾತ್ರೆಯಲ್ಲಿ ಪಾಯಸ ಕಳಿಸಿದೆ.

ಹಂಸನ ಅಂಗಡಿಗೆ ನಾನು ದಿನಕ್ಕೆ ಎರಡು ಸಲ ಹೋಗುತ್ತಿದ್ದೆ. ಏಳನೆಯ ದಿನ ಅವನು ದನಿ ತಗ್ಗಿಸಿದ.

"ಅಕ್ಕ, ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಜನ ಮಾತಾಡ್ತಾರೆ."

ಒಬ್ಬಳೇ ಇರುವ ಹೆಂಗಸು, ಮಾತಿಗೇನು ಬರ? "ಎಂತ ಮಾತಾಡ್ತಾರೆ?"

"ಮೆಸ್ ತೆಗೀತೀರಿ ಅಂತ. ತೆಗೆಯೋದಾದ್ರೆ ಸಾಮಾನು ನನ್ನತ್ರವೇ ತಗೊಳ್ಬೇಕು, ಆಯ್ತಾ?"

ಒಂಬತ್ತನೆಯ ದಿನ ಬೆಳಿಗ್ಗೆ ಸ್ವಲ್ಪ ಹೊತ್ತು ಕೂತು ಯೋಚಿಸಿದೆ. ಆರು ವಾರಪತ್ರಿಕೆಗಳಲ್ಲಿ ಒಂದರ ಹನ್ನೆರಡನೆಯ ಪುಟದಲ್ಲಿದ್ದೆ. ಕಡಲನ್ನು ನೋಡಿದ್ದು ಬಜೆ ಕರಿಯುವಾಗ ಕಿಟಕಿಯಿಂದ, ಅದೂ ಎಣ್ಣೆಯ ಹೊಗೆಯಲ್ಲಿ. ರೂವಿಯಲ್ಲಾದರೆ ದಿನಕ್ಕೆ ಅರ್ಧ ಗಂಟೆ ಒಲೆ. ಇಲ್ಲಿ ಬೆಳಗಿನಿಂದ ಸಂಜೆ. ಮೊಣಕೈಯಲ್ಲಿ ಎಣ್ಣೆ ಸಿಡಿದ ಮೂರು ಬೊಬ್ಬೆ. ಕತ್ತಲೆಗೆ ಹೆದರುತ್ತೇನೆ ಎಂದುಕೊಂಡಿದ್ದೆ, ಆದರೆ ರಾತ್ರಿಯಾದರೆ ಹೆಣದಂತೆ ನಿದ್ದೆ, ಹೆದರಲು ಪುರುಸೊತ್ತೆಲ್ಲಿ? ಆವತ್ತೇ ಸಾಲಿಮ್ ರೂವಿಯಿಂದ ಬಂದವನು ರಾಯರ ಸಂದೇಶ ತಂದಿದ್ದ: ರಜೆ ಮುಗಿಯುವ ಮೊದಲೇ ಶನಿವಾರ ಫೋನು ಮಾಡಿ ಉತ್ತರ ಹೇಳಬೇಕು, ಗೋವಾದ ಹುಡುಗ ಅವಸರ ಮಾಡುತ್ತಿದ್ದಾನೆ.

ಉತ್ತರ ನನಗೆ ಗೊತ್ತಾಗಿತ್ತು. ಆಗಲ್ಲ. ಸೊಹಾರಿನಲ್ಲೂ ನೆರೆಯವರು ಇರುತ್ತಾರೆ, ನೆರೆಯವರಿಗೆ ಹರಿವಾಣಗಳಿರುತ್ತವೆ. ಪಂಪು ಮಾರುವುದು ಯಾವಾಗ? ನಾನು ಒಬ್ಬಳೇ ಇರಲು ಹುಟ್ಟಿದವಳಲ್ಲ, ಮೂವರ ಚಾಪೆಯ ನಡುವಿನವಳು. ಫ್ಲೋರಿನ್ ಬಾಯಿಯ ನಗು ಕಿವಿಯಲ್ಲಿ ಕೇಳಿಸಿತು. ಹಾಗಿದ್ದರೂ ಉಳಿದ ದಿನಗಳಲ್ಲಿ ಒಂದಾದರೂ ನನ್ನದಾಗಲಿ ಎಂದು, ಹತ್ತನೆಯ ದಿನ ಯಾರು ತಟ್ಟಿದರೂ ಬಾಗಿಲು ತೆಗೆಯುವುದಿಲ್ಲ ಎಂದು ಶಪಥ ಮಾಡಿದೆ.

ಬೆಳಿಗ್ಗೆ ಎಂಟಕ್ಕೆ ಯಾರೋ ತಟ್ಟಿದರು. ಕಿಟಕಿಗೆ ಕಾಣದಂತೆ ನೆಲದ ಮೇಲೆ ಬೋರಲು ಮಲಗಿ ಹದಿಮೂರನೆಯ ಪುಟ ಓದತೊಡಗಿದೆ. ಒಂಬತ್ತಕ್ಕೆ ಮತ್ತೆ ತಟ್ಟಿದರು. ಉಸಿರು ಬಿಗಿಹಿಡಿದೆ. ಹತ್ತಕ್ಕೆ ಎರಡು ದನಿಗಳು. ಹತ್ತೂವರೆಗೆ ಆರೇಳು. ಒಬ್ಬಾಕೆ ಕಿಟಕಿಗೆ ಮುಖ ಒತ್ತಿ ಬೆಳಕು ಮರೆಮಾಡಿದಳು; ನಾನು ತೆವಳುತ್ತಾ ಅಡುಗೆಮನೆಗೆ ಹೋದೆ. ಇಪ್ಪತ್ತೊಂಬತ್ತು ವರ್ಷದ ಹೆಂಗಸು, ತಾನೇ ಬಾಡಿಗೆ ಕೊಟ್ಟ ಮನೆಯಲ್ಲಿ, ಹಲ್ಲಿಯಂತೆ ತೆವಳಿದೆ. ಹೊರಗೆ ಅರಬ್ಬಿಯಲ್ಲಿ ದೊಡ್ಡ ಚರ್ಚೆ. "ಮೌತ್" ಎಂಬ ಶಬ್ದ ಎರಡು ಸಲ ಬಂತು; ಅದು ಸಾವು ಎಂದು ನನಗೆ ಗೊತ್ತಿತ್ತು. ಆಮೇಲೆ ಹಂಸನ ಗಂಟಲು.

"ಅಕ್ಕಾ! ಓ ಅಕ್ಕಾ! ಜೀವ ಉಂಟಾ?"

ಏನು ಹೇಳಲಿ? ಸುಮ್ಮನಿದ್ದರೆ ಬಾಗಿಲು ಒಡೆಯುತ್ತಾರೆ. "ಉಂಟು!" ಎಂದು ನೆಲದಿಂದಲೇ ಕೂಗಿದೆ.

"ಉಂಟಂತೆ!" ಎಂದು ಹಂಸ ಹೊರಗಿನವರಿಗೆ ಹೇಳಿದ. ಮತ್ತೆ ನನಗೆ, "ಹುಷಾರಿಲ್ವಾ?"

"ಹುಷಾರಿದ್ದೇನೆ!"

"ಹಾಗಾದ್ರೆ ಬಾಗಿಲು ಯಾಕೆ ತೆಗೆಯಲಿಲ್ಲ?"

ಎದ್ದು, ಸೀರೆ ಕೊಡವಿ ಬಾಗಿಲು ತೆಗೆದೆ. ಹನ್ನೆರಡು ಹೆಂಗಸರು, ಹಂಸ, ಅವನ ಕೈಯಲ್ಲಿ ಬಾಗಿಲು ಮೀಟಲು ತಂದ ಕಬ್ಬಿಣದ ಸಲಾಕೆ. ಎಲ್ಲರ ಮುಂದೆ ಉಮ್ಮ್ ಸಾಲಿಮ್. ಕೈಯಲ್ಲಿ ಪಾತ್ರೆ ಇರಲಿಲ್ಲ, ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ ನಾನು ಭೂಮಿಗಿಳಿದು ಹೋದೆ.

"ಖಲಾಸ್, ಎಲ್ಲ ಹೋಗಿ" ಎಂದು ಅವರು ಉಳಿದವರನ್ನು ಅಟ್ಟಿದರು. ಒಳಗೆ ಬಂದು ನನ್ನ ಚಾಪೆಯ ಮೇಲೆ ಕೂತರು. ಮೊದಲ ಸಲ. ನನ್ನನ್ನೂ ಎದುರಿಗೆ ಕೂರಿಸಿಕೊಂಡರು.

"ಒಂದು ಮಾತು ಕೇಳ್ತೇನೆ, ನಿಜ ಹೇಳು ಮಗಳೇ. ನನ್ನ ಮನೆಯ ತಟ್ಟೆ ಅಂದರೆ ನಿನಗೆ ಯಾಕಷ್ಟು ಅಸಹ್ಯ?"

"ಅಸಹ್ಯವಾ? ನನಗಾ?"

"ಒಂದು ರಾತ್ರಿಯೂ ನಿನ್ನ ಮನೆಯಲ್ಲಿ ಇರಗೊಡುವುದಿಲ್ಲ. ಕೊಟ್ಟ ತಕ್ಷಣ ತೊಳೆದು ತರುತ್ತೀ. ಹೊಸ್ತಿಲಲ್ಲಿ ಎಸೆದು ಓಡುತ್ತೀ. ಹತ್ತು ದಿನದಲ್ಲಿ ಒಂದು ಸಲ ಒಳಗೆ ಬಂದು ಕೂತಿದ್ದೀಯಾ? ನಮ್ಮಲ್ಲಿ ಜಗಳ ಆಡಿದವರು ಹೀಗೆ ಪಾತ್ರೆ ಹಿಂದಕ್ಕೆ ಕೊಡುವುದು."

ನಾನು ತೊದಲಿ ತೊದಲಿ ಅಜ್ಜಿಯ ಕಟ್ಟಳೆ ವಿವರಿಸಿದೆ. ರಾತ್ರಿ ಇಡಬಾರದು, ಖಾಲಿ ಕೊಡಬಾರದು. ಸಕ್ಕರೆಯಾದರೂ ಹಾಕಬೇಕು. ಉಮ್ಮ್ ಸಾಲಿಮ್ ಬಾಯಿ ತೆರೆದು ಕೇಳಿದರು. ಕೇಳಿ, ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಹೆಗಲು, ಆಮೇಲೆ ತಲೆಯ ದುಪಟ್ಟಿ ಜಾರಿ ಬಿತ್ತು. ನಕ್ಕು ನಕ್ಕು ಗೋಡೆಗೆ ಒರಗಿದರು.

"ಅಲ್ಲಾಹ್! ನಾನು ಸತ್ತೇ ಹೋಗುತ್ತಿದ್ದೆ! ನನ್ನ ಮಂಡಿ ನೋಡು, ಬಾತಿದೆ. ಸಾಲಿಮನ ಮದುವೆಗೂ ನಾನು ಇಷ್ಟು ಬೇಯಿಸಿಲ್ಲ. ನೀನು ಕಳಿಸಿದ್ದಕ್ಕೆ ನಾನು ಕಳಿಸದಿದ್ದರೆ, ಮುದುಕಿಗೆ ನನ್ನ ಮೇಲೆ ಬೇಸರ ಬಂತು ಅಂದುಕೊಳ್ತೀಯೇನೋ, ಒಬ್ಬಳೇ ಇದ್ದಾಳೆ ಪಾಪ, ಅಂತ ನಾದಿನಿಯನ್ನೂ ಕರೆಸಿಕೊಂಡೆ!"

"ಅಷ್ಟು ದೊಡ್ಡ ಹರಿವಾಣ ಯಾಕೆ ಕಳಿಸಿದ್ರಿ ಮತ್ತೆ?"

"ಅದನ್ನು ತುಂಬಿಸಲು ನಿನ್ನಿಂದಾಗುವುದಿಲ್ಲ, ಅಲ್ಲಿಗೆ ನಿಲ್ಲುತ್ತೀ ಅಂತ! ನೀನು ಅದಕ್ಕೂ ಅರಿಶಿನದ ಅನ್ನ ತುಂಬಿಸಿದೆ, ಶೈತಾನ್!"

ಆಮೇಲೆ ಕಣ್ಣೊರೆಸಿಕೊಂಡು ಅವರ ಕಡೆಯ ರೀತಿ ಹೇಳಿದರು. ಅಲ್ಲಿ ನೆರೆಮನೆಗೆ ಹೋದ ತಟ್ಟೆ ಅಲ್ಲೇ ಇರುತ್ತದಂತೆ. ಎಂಟು ದಿನ, ಹದಿನೈದು ದಿನ. ಬೇಕಾದಾಗ, "ನನ್ನ ತಟ್ಟೆ ನಿಮ್ಮಲ್ಲಿದೆಯಾ?" ಎಂದು ಹೋಗುವುದು; ಹೋದವರು ಕೂರುವುದು; ಕೂತವರು ತಟ್ಟೆಯ ವಿಷಯ ಮರೆತು ಮನೆಗೆ ಬರುವುದು; ಮತ್ತೆ ಹೋಗಲು ಅದೇ ನೆಪ. "ತಟ್ಟೆಯಲ್ಲಿ ಏನಿದೆ ಅಂತ ನೋಡ್ತೀಯಲ್ಲ, ತರುವವಳ ಮುಖ ನೋಡೋದು ಬೇಡವಾ?" ಎಂದರು. ಅದನ್ನು ಬೈಗುಳದಂತೆ ಹೇಳಿದರು, ಆದ್ದರಿಂದ ಮನಸ್ಸಿಗೆ ನಾಟಿತು.

ಒಪ್ಪಂದವಾಯಿತು. ಮೂರು ದಿನ ಎರಡೂ ಮನೆಯಲ್ಲಿ ಒಲೆ ತಣ್ಣಗಿರತಕ್ಕದ್ದು.

ಮೊದಲ ದಿನ ಅಮೃತ. ಬ್ರೆಡ್ಡು ತಿಂದೆ. ಮಗುಚಿದ ದೋಣಿಯ ನೆರಳಲ್ಲಿ ಕೂತು ಎರಡು ಪತ್ರಿಕೆ ಮುಗಿಸಿದೆ. ಅಲೆ ಕಾಲು ತೊಳೆಯಿತು, ಹೋಯಿತು, ಮತ್ತೆ ತೊಳೆಯಿತು. ಎರಡನೆಯ ದಿನವೂ ಚೆನ್ನಾಗಿಯೇ ಇತ್ತು, ಹನ್ನೊಂದು ಗಂಟೆಯವರೆಗೆ. ಹನ್ನೊಂದಕ್ಕೆ ಬಾಗಿಲ ಕಡೆ ನೋಡಿದೆ. ಹನ್ನೊಂದೂಕಾಲಿಗೆ ಬಾಗಿಲು ತೆರೆದು, ತಟ್ಟಿದ್ದು ಕೇಳಿಸಲಿಲ್ಲವೇನೋ ಎಂದು ಹೊರಗೆ ಇಣುಕಿದೆ. ಯಾರೂ ಇರಲಿಲ್ಲ. ಒಪ್ಪಂದ ಎಂದರೆ ಇಷ್ಟು ಕಟ್ಟುನಿಟ್ಟಾಗಿಯೇ ಪಾಲಿಸಬೇಕೇ ಎಂದು ನನಗೆ ಉಮ್ಮ್ ಸಾಲಿಮರ ಮೇಲೆ ಸಣ್ಣ ಸಿಟ್ಟು ಬಂತು.

ಮೂರನೆಯ ದಿನ ಶನಿವಾರ, ಫೋನು ಮಾಡಬೇಕಾದ ದಿನ. ಬೆಳಿಗ್ಗೆ ಸೀದಾ ಎದ್ದು ಅವರ ಮನೆಗೆ ಹೋದೆ. ಕೈಯಲ್ಲಿ ಏನೂ ಇಲ್ಲ. ಆ ಇಪ್ಪತ್ತು ಹೆಜ್ಜೆ ನಡೆಯುವುದು ಎಷ್ಟು ಕಷ್ಟವಾಯಿತು ಗೊತ್ತೇ? ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ. ಉಮ್ಮ್ ಸಾಲಿಮ್ ಅಂಗಳದ ನೆರಳಲ್ಲಿ ಕಾಲು ಚಾಚಿ ಖರ್ಜೂರ ಆರಿಸುತ್ತಿದ್ದರು. ತಲೆಯೆತ್ತಿ ನೋಡಿ, ಚಾಪೆಯ ಮೇಲಿದ್ದ ತಮ್ಮ ಕಾಲನ್ನು ಸ್ವಲ್ಪ ಸರಿಸಿದರು. ಅಷ್ಟೆ. ನಾನು ಕೂತೆ. ಅವರು ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಒಳ್ಳೆಯದು ಆ ಕಡೆ, ಹುಳ ಹಿಡಿದದ್ದು ಈ ಕಡೆ. ನಾನೂ ಆರಿಸತೊಡಗಿದೆ. ಒಂದೂವರೆ ಗಂಟೆ ಕಳೆದಿರಬೇಕು. ಅಷ್ಟು ಹೊತ್ತು ಒಬ್ಬರ ಪಕ್ಕದಲ್ಲಿ ಕೂತೂ ಯಾರಿಗೂ ಏನನ್ನೂ ಮಾಡಿ ತೋರಿಸಬೇಕಿಲ್ಲದೆ ಇದ್ದದ್ದು ನನಗೆ ನೆನಪೇ ಇರಲಿಲ್ಲ. ಹದಿನೇಳು ಜನರ ಮನೆಯಲ್ಲಿ ಸುಮ್ಮನೆ ಕೂತ ಹುಡುಗಿಗೆ ಯಾರಾದರೂ ಒಂದು ಕೆಲಸ ಹಚ್ಚುತ್ತಿದ್ದರು. ನಾನು ಇಷ್ಟು ದಿನ ಹುಡುಕುತ್ತಿದ್ದದ್ದು ಇದನ್ನೇ ಇರಬೇಕು. ಅದಕ್ಕೆ ಬೀಗದಕೈ ಬೇಕೆಂದು ತಪ್ಪು ತಿಳಿದಿದ್ದೆ.

ಎದ್ದು ಹಂಸನ ಅಂಗಡಿಗೆ ಹೋಗಿ ರಾಯರಿಗೆ ಫೋನು ಹಚ್ಚಿದೆ.

"ಏನಮ್ಮಾ, ಹೇಗಿತ್ತು ಏಕಾಂತ?"

"ಹದಿಮೂರು ದಿನದಲ್ಲಿ ಒಂದೂವರೆ ದಿನ ಸಿಕ್ಕಿತು ಸಾರ್."

"ಛೆ ಛೆ. ಹಾಗಾದ್ರೆ ಒಬ್ಬಳೇ ಇರೋದಕ್ಕೆ ಆಗಲ್ಲ ಅನ್ನು."

"ಆಗ್ತದೆ ಸಾರ್. ಆದರೆ ಈ ಕಡೆಯವರು ಒಬ್ಬಳೇ ಇರಲು ಬಿಡುವುದಿಲ್ಲ. ಅದಕ್ಕೇ ಹೋಗ್ತೇನೆ ಸೊಹಾರಿಗೆ."

ರಾಯರು, "ನೀನು ಹೇಳಿದ್ದು ಹೂಂ ಅಂತ ತಾನೆ?" ಎಂದರು. ಹಂಸ ಮಾತ್ರ ನಿಟ್ಟುಸಿರು ಬಿಟ್ಟ. "ಹಾಗಾದ್ರೆ ಮೆಸ್ ತೆಗೆಯೋದಿಲ್ವಾ ಅಕ್ಕ?"

ಹೊರಡುವ ದಿನ ಉಮ್ಮ್ ಸಾಲಿಮ್ ಆ ದೊಡ್ಡ ಹರಿವಾಣವನ್ನೇ ಹಲ್ವಾದ ಪೊಟ್ಟಣಗಳ ಸಮೇತ ಬಸ್ಸಿಗೆ ಹತ್ತಿಸಿದರು. ನನಗೆ ಒಂದು ಸೀಟು, ಅದಕ್ಕೊಂದು ಸೀಟು. ರೂವಿಯಲ್ಲಿ ಫ್ಲೋರಿನ್ ಬಾಯಿ ಬಾಗಿಲು ತೆಗೆದು, "ಸೈಬಾ! ಇದು ಯಾರದ್ದು? ವಾಪಸ್ ಕೊಡ್ಲಿಲ್ವಾ?" ಎಂದರು.

"ಇಲ್ಲ. ಕೊಡುವುದಿಲ್ಲ."

"ಕಳ್ಳಿ!" ಎಂದು ಹಲ್ವಾಕ್ಕೆ ಕೈಹಾಕಿದರು.

ಸೊಹಾರಿನಲ್ಲಿ ಏಳು ವರ್ಷ ಇದ್ದೆ. ಸಹಮ್ ಅಲ್ಲಿಂದ ಅರ್ಧ ಗಂಟೆಯ ದಾರಿ. ಹೆಚ್ಚು ಕಡಿಮೆ ಎಲ್ಲ ಶುಕ್ರವಾರವೂ, ಹರಿವಾಣ ಕೊಡಬೇಕಿತ್ತು ಎಂದು ಹೋಗುತ್ತಿದ್ದೆ, ಹರಿವಾಣವನ್ನು ಮನೆಯಲ್ಲೇ ಬಿಟ್ಟು. ಉಮ್ಮ್ ಸಾಲಿಮ್ ತೀರಿಕೊಂಡ ಸುದ್ದಿಯನ್ನು ಸಾಲಿಮನೇ ಬಂದು ಹೇಳಿದ. ಅವನ ಜೊತೆಯಲ್ಲಿ ಹೋಗಿ ಹೆಂಗಸರ ನಡುವೆ ಸಂಜೆಯ ತನಕ ಕೂತು ಬಂದೆ. ಯಾರೂ ನನ್ನನ್ನು ಏನನ್ನೂ ಕೇಳಲಿಲ್ಲ; ಕೂರಲು ಜಾಗ ಬಿಟ್ಟರು.

ಇದನ್ನು ಬರೆಯುತ್ತಿರುವುದು ಉಡುಪಿಯ ನನ್ನ ಫ್ಲಾಟಿನಲ್ಲಿ. ಈಗಲೂ ಒಬ್ಬಳೇ, ಅಭ್ಯಾಸವಾಗಿದೆ. ಬರೆಯುತ್ತಾ ಬರೆಯುತ್ತಾ ಒಂದು ನಾಚಿಕೆಯ ವಿಷಯ ಹೊಳೆಯಿತು. ಕೆಳಗಿನ ಮನೆಯ ವಾರಿಜಕ್ಕನವರು ಮಗಳನ್ನು ಅಮೃತಸರಕ್ಕೆ ಮದುವೆ ಮಾಡಿ ಕೊಟ್ಟ ಮೇಲೆ ಒಬ್ಬರೇ ಇದ್ದಾರೆ. ನಾಲ್ಕು ತಿಂಗಳಾಯಿತು. ನಾವು ಮೆಟ್ಟಿಲಲ್ಲಿ ಸಿಗುತ್ತೇವೆ, "ಊಟ ಆಯ್ತಾ" ಅನ್ನುತ್ತೇವೆ, ಹತ್ತುವವರು ಹತ್ತುತ್ತೇವೆ, ಇಳಿಯುವವರು ಇಳಿಯುತ್ತೇವೆ. ಇಷ್ಟೆಲ್ಲ ಕಲಿತವಳೆಂದು ಕಥೆ ಹೇಳುವ ನಾನು ಅವರ ಮನೆಯ ಒಳ ಹೊಕ್ಕದ್ದು ಮಗಳ ಮದುವೆಯ ಹೊತ್ತಿಗೆ ಮಾತ್ರ.

ಪೆನ್ನು ಮುಚ್ಚಿಟ್ಟು ಇಳಿದೆ. ಕರೆಗಂಟೆ ಒತ್ತಿದೆ. ವಾರಿಜಕ್ಕ ಬಾಗಿಲು ತೆರೆದು, ಪದ್ಧತಿಯಂತೆ ಮೊದಲು ನನ್ನ ಕೈ ನೋಡಿದರು.

"ಎಂತ ವಿಷಯ? ನೀರು ಬರುದಿಲ್ವಾ ಮೇಲೆ?"

"ಬರ್ತದೆ."

"ಮತ್ತೆ?"

"ಎಂತ ಇಲ್ಲ. ಸ್ವಲ್ಪ ಹೊತ್ತು ಕೂತ್ಕೊಳ್ವಾ ಅಂತ ಬಂದೆ."

ವಾರಿಜಕ್ಕ ನನ್ನನ್ನು ಒಳಗೆ ಕರೆದು ಟಿವಿ ಆರಿಸಿದರು, ಸೋಫಾದ ಮೇಲೆ ಮಡಚಲು ರಾಶಿ ಹಾಕಿದ್ದ ಬಟ್ಟೆಗಳನ್ನು ಎರಡೂ ಕೈಯಲ್ಲಿ ಬಾಚಿ ನಮ್ಮಿಬ್ಬರ ನಡುವೆ ಇಟ್ಟುಕೊಂಡರು.